ಚಿತ್ರ ಹಿಗ್ಗಿಸಿದಾಗ ನಡುವೆ ತುಂಬುವ ಪಿಕ್ಸೆಲ್‌ಗಳು ಎಲ್ಲಿಂದ ಬರುತ್ತವೆ?

ಚಿತ್ರವೊಂದರ ಅಗಲ, ಎತ್ತರ ಎರಡನ್ನೂ ಇಮ್ಮಡಿಗೊಳಿಸಿದರೆ ಪಿಕ್ಸೆಲ್‌ಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಅವುಗಳಲ್ಲಿ ಕನಿಷ್ಠ ಮುಕ್ಕಾಲು ಪಾಲು ಕ್ಯಾಮೆರಾ ಕಂಡವಲ್ಲ, ಸುತ್ತಲಿನ ಮೌಲ್ಯಗಳಿಂದ ಲೆಕ್ಕ ಹಾಕಿ ತುಂಬಿದವು. ಈ ಲೆಕ್ಕ ಯಾವುದಿರಬೇಕು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

1957ರಲ್ಲಿ ಅಮೆರಿಕದ ಕಂಪ್ಯೂಟರ್ ಎಂಜಿನಿಯರ್ ರಸೆಲ್ ಕಿರ್ಷ್ ತಮ್ಮ ಮಗುವಿನ ಫೋಟೋವನ್ನು 176×176 ಪಿಕ್ಸೆಲ್‌ಗಳಾಗಿ ಸ್ಕ್ಯಾನ್ ಮಾಡಿದರು; ಡಿಜಿಟಲ್ ಚಿತ್ರಗಳ ಕಥೆ ಶುರುವಾದದ್ದು ಅಲ್ಲಿಂದ. ಅನಂತರ ರೂಢಿಗೆ ಬಂದ ವಿಧಾನಗಳಲ್ಲಿ ಪಕ್ಕದ ಪಿಕ್ಸೆಲ್ಲನ್ನು ನಕಲು ಮಾಡುವುದು ಅತಿ ಸರಳ, ಆದರೆ ಓರೆ ಗೆರೆಗಳು ಮೆಟ್ಟಿಲಿನಂತೆ ಕಾಣುತ್ತವೆ. ನಾಲ್ಕು ನೆರೆ ಪಿಕ್ಸೆಲ್‌ಗಳ ಸರಾಸರಿ ತೆಗೆದರೆ ಮೆಟ್ಟಿಲು ಕರಗುತ್ತದೆ, ಚಿತ್ರವೂ ಮಸುಕಾಗುತ್ತದೆ.

ವಿಷಯ ಗಂಭೀರವಾದದ್ದು 1972ರಲ್ಲಿ ಹಾರಿದ, ಮುಂದೆ ಲ್ಯಾಂಡ್‌ಸ್ಯಾಟ್-1 ಎಂದು ಹೆಸರಾದ ಉಪಗ್ರಹದ ಚಿತ್ರಗಳಿಂದ. ಭೂಮಿ ತಿರುಗುತ್ತಿರುವಾಗಲೇ ಸಾಲುಸಾಲಾಗಿ ಸೆರೆಹಿಡಿದ ಆ ಚಿತ್ರಗಳು ಓರೆಯಾಗಿರುತ್ತಿದ್ದವು. ಭೂಪಟಕ್ಕೆ ಹೊಂದಿಸಬೇಕಾದರೆ ಪ್ರತಿ ಪಿಕ್ಸೆಲ್ಲನ್ನೂ ಹೊಸದಾಗಿ ಲೆಕ್ಕ ಹಾಕಬೇಕಿತ್ತು. ಹದಿನಾರು ನೆರೆ ಪಿಕ್ಸೆಲ್‌ಗಳನ್ನು ಬಳಸುವ, ಇಂದು ಬೈಕ್ಯೂಬಿಕ್ ಎನ್ನುವ ವಿಧಾನ ಈ ಅಗತ್ಯದಿಂದಲೇ ಬೆಳೆಯಿತು; 1981ರಲ್ಲಿ ರಾಬರ್ಟ್ ಕೀಸ್ ಅದಕ್ಕೆ ಗಣಿತದ ಭದ್ರ ಬುನಾದಿ ಹಾಕಿದರು.

1988ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಡಾನ್ ಮಿಚೆಲ್ ಮತ್ತು ಭಾರತ ಮೂಲದ ಅರುಣ್ ನೇತ್ರಾವಳಿ ಪ್ರಕಟಿಸಿದ ಪ್ರಬಂಧ ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತ್ಯಂತ ಪ್ರಾಮಾಣಿಕ ಘಟ್ಟ. ಅವರು ಇಂಥ ಹಿಗ್ಗಿಸುವ ಸೂತ್ರದಲ್ಲಿ ಎರಡು ಮೌಲ್ಯಗಳನ್ನು ಬದಲಾಯಿಸುತ್ತ ಬಂದ ಮಾದರಿಗಳನ್ನು ಒಂಬತ್ತು ಪರಿಣತರಿಗೆ ತೋರಿಸಿ, ಕಂಡ ದೋಷ ಯಾವುದೆಂದು ಕೇಳಿದರು: ಮಸುಕೇ, ಅಂಚಿನ ಸುತ್ತ ಮೂಡುವ ಸುಳ್ಳು ಗೆರೆಯೇ, ಚೌಕಳಿಯೇ? ಒಂದನ್ನು ತಗ್ಗಿಸಿದರೆ ಇನ್ನೊಂದು ತಲೆಯೆತ್ತುತ್ತಿತ್ತು. ಕೊನೆಗೆ ಎರಡೂ ಮೌಲ್ಯಗಳನ್ನು ಮೂರನೇ ಒಂದಕ್ಕೆ ಇಡುವುದು ಒಳ್ಳೆಯ ರಾಜಿಯೆಂದು ಅವರು ಸೂಚಿಸಿದರು. ಅದು ಕಳೆದುಹೋದ ವಿವರವನ್ನು ಮರಳಿ ತರುತ್ತದೆ ಎಂದು ಹೇಳಿಕೊಳ್ಳಲಿಲ್ಲ.

ಕುಗ್ಗಿಸುವುದರ ಕಡೆಗೆ ಇಷ್ಟು ಗಮನ ಹರಿಯಲಿಲ್ಲ. ಚಿತ್ರದ ಕಡತದಲ್ಲಿರುವ ಪಿಕ್ಸೆಲ್ ಸಂಖ್ಯೆಗಳು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿಲ್ಲ. ಆದ್ದರಿಂದ ಕಪ್ಪು ಬಿಳುಪಿನ ಸೂಕ್ಷ್ಮ ಚೌಕಳಿಯನ್ನು ಕುಗ್ಗಿಸುವಾಗ 0 (ಕಪ್ಪು) ಮತ್ತು 255ರ (ಬಿಳುಪು) ನೇರ ಸರಾಸರಿಯಾಗಿ 128 ಬರೆಯುವುದು ತಪ್ಪು. ಬೆಳಕಿನ ಲೆಕ್ಕದಲ್ಲಿ ಸುಮಾರು 188 ಬರಬೇಕು. ಹಲವು ತಂತ್ರಾಂಶಗಳು ಈ ತಪ್ಪನ್ನು ಇಂದಿಗೂ ಉಳಿಸಿಕೊಂಡಿರುವುದು ಖೇದಕರ.

2014ರಿಂದೀಚೆಗೆ ನ್ಯೂರಲ್ ನೆಟ್‌ವರ್ಕ್‌ಗಳು, ಅಂದರೆ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆಗಳು, ಹಿಗ್ಗಿಸುವ ಕೆಲಸಕ್ಕೆ ಬಂದಿವೆ. ಹಳೆಯ ಸೂತ್ರಗಳಿಗೆ ಗೊತ್ತಿದ್ದದ್ದು ಆ ಚಿತ್ರವೊಂದೇ. ಇವು ಸಾವಿರಾರು ಬೇರೆ ಚಿತ್ರಗಳಿಂದ ಕಲಿತದ್ದನ್ನು ಇಲ್ಲಿ ತುಂಬುತ್ತವೆ. ಹಳೆಯ ಪುಸ್ತಕದ ಪುಟವೊಂದನ್ನು ತೀರಾ ಸಣ್ಣದಾಗಿ ಸ್ಕ್ಯಾನ್ ಮಾಡಿ, 'ಷ' ಅಕ್ಷರದ ಒಳಗೆರೆ ಅಳಿಸಿಹೋಗಿದೆ ಎಂದುಕೊಳ್ಳೋಣ. ಬೈಕ್ಯೂಬಿಕ್ ಅದನ್ನು ಮಸುಕಾಗಿಯೇ ಹಿಗ್ಗಿಸುತ್ತದೆ, ಓದುವವರು ಅನುಮಾನಿಸಿ ಮೂಲವನ್ನು ತೆರೆಯುತ್ತಾರೆ. ನೆಟ್‌ವರ್ಕ್ ಅದೇ ಜಾಗದಲ್ಲಿ ಅಂಚು ಸ್ಫುಟವಾಗಿರುವ 'ಪ' ಬರೆದುಕೊಟ್ಟರೆ, ಅನುಮಾನಿಸಲು ಅಲ್ಲಿ ಏನೂ ಕಾಣುವುದಿಲ್ಲ.