ಹೆಸರಿಗೆ ಕಾವಲಿದೆ, ಚಿತ್ತಾರಕ್ಕಿಲ್ಲ: ನವಾಹೊ ಕೇಸಿನ ಟಿಪ್ಪಣಿ

ಕಲ್ಚರಲ್ ಅಪ್ರೋಪ್ರಿಯೇಷನ್ (ಒಂದು ಜನಾಂಗದ ಕಲೆ, ಗುರುತುಗಳನ್ನು ಹೊರಗಿನವರು ಕೇಳದೆ ಬಳಸಿಕೊಳ್ಳುವುದು) ಅಂದ ಕೂಡಲೇ ನಾವು 'ಕದ್ದರು' ಅಂತ ಬರೆದುಬಿಡುತ್ತೇವೆ. ಕೋರ್ಟು ಅಷ್ಟಕ್ಕೆ ಬಿಡುವುದಿಲ್ಲ. ಕದ್ದದ್ದು ಏನನ್ನು, ಹೆಸರನ್ನೋ ಚಿತ್ತಾರವನ್ನೋ ಅಂತ ಕೇಳುತ್ತದೆ. ಇದು ಹೊಳೆದ ಮೇಲೆಯೇ ನನಗೆ ನವಾಹೊ ಕೇಸು ಅರ್ಥವಾದದ್ದು.

ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನಾಡು ಅಲ್ಲಿನ ಅರಿಝೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹರಡಿದೆ. ಎದುರಿಗೆ ನೆಟ್ಟಗೆ ನಿಂತ ಮಗ್ಗದಲ್ಲಿ ಅವರು ನೇಯುವ ಉಣ್ಣೆ ಕಂಬಳಿಗಳು ಹೆಸರುವಾಸಿ. 2011ರಲ್ಲಿ ಅರ್ಬನ್ ಔಟ್‌ಫಿಟರ್ಸ್ ಎಂಬ ಕಂಪನಿ 'ನವಾಹೊ' ಅಂತ ಹೆಸರಿಟ್ಟು ಏನೇನೋ ಮಾರುತ್ತಿತ್ತು. ಎರಡನ್ನು ಮಾತ್ರ ನೋಡಿ. ಒಂದು ಹೆಂಗಸರ ಒಳಚಡ್ಡಿ. ಇನ್ನೊಂದು ಮದ್ಯ ತುಂಬಿಸಿ ಜೇಬಿಗೆ ಇಳಿಸುವ ಚಪ್ಪಟೆ ಬಾಟಲಿ, ಮೈಗೆಲ್ಲ 'ನವಾಹೊ ಪ್ರಿಂಟ್' ಬಟ್ಟೆ ಸುತ್ತಿದ್ದು. ನವಾಹೊ ನಾಡಿನ ಬಹುಪಾಲು ಕಡೆ ಮದ್ಯ ಮಾರುವುದೇ ನಿಷೇಧ! ಬರೀ ನಕಲಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

2012ರಲ್ಲಿ ನವಾಹೊ ಆಡಳಿತ ಕೇಸು ಹಾಕಿತು. ಅವರ ಕೈಯಲ್ಲಿ 1943ರಿಂದ ನೋಂದಾಯಿಸಿಕೊಂಡು ಬಂದ 'ನವಾಹೊ' ಟ್ರೇಡ್‌ಮಾರ್ಕ್‌ಗಳಿದ್ದವು. ಜೊತೆಗೆ 1990ರ ಇಂಡಿಯನ್ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಕಾಯ್ದೆ (ಈ 'ಇಂಡಿಯನ್' ನಾವಲ್ಲ, ಅಲ್ಲಿನ ಮೂಲನಿವಾಸಿಗಳು). ಅವರು ಮಾಡದ ವಸ್ತುವನ್ನು ಅವರೇ ಮಾಡಿದ್ದು ಅನ್ನಿಸುವಂತೆ ಮಾರಿದರೆ ಈ ಕಾಯ್ದೆಯಡಿ ತಪ್ಪು. 'ನವಾಹೊ' ಅನ್ನುವುದು ಈಗ ಒಂದು ಸ್ಟೈಲಿನ ಹೆಸರಷ್ಟೇ, ಯಾರ ಸ್ವತ್ತೂ ಅಲ್ಲ ಅಂತ ಕಂಪನಿ ವಾದಿಸಿತು. ಬದುಕಿರುವ ಜನರ ಹೆಸರಿಗೆ ಈ ಮಾತು! 2016ರಲ್ಲಿ ರಾಜಿಯಾಯಿತು, ಲೈಸೆನ್ಸ್ ಒಪ್ಪಂದವೂ ಆಯಿತು.

ಗಮನಿಸಿ, ಇಡೀ ಜಗಳಕ್ಕೆ ಬಲ ಬಂದದ್ದು ಹೆಸರಿನಿಂದ. ಕಂಪನಿ ಅದೇ ಚಿತ್ತಾರ ಇಟ್ಟು ಹೆಸರು ಬಿಟ್ಟಿದ್ದರೆ?

ಮೆಕ್ಸಿಕೊದಲ್ಲಿ ಹೆಚ್ಚುಕಡಿಮೆ ಅದೇ ಆಯಿತು. ಒವಾಹಾಕಾ ರಾಜ್ಯದ ತ್ಲಾವಿತೋಲ್ತೆಪೆಕ್ ಊರಿನ ಮಿಹೆ ಜನರ ಕಸೂತಿ ಕುಪ್ಪಸವನ್ನೇ ಹೋಲುವ ಕುಪ್ಪಸವನ್ನು ಫ್ರಾನ್ಸಿನ ಡಿಸೈನರ್ ಇಸಾಬೆಲ್ ಮರಾಂ ಮಾರಿದರು. ಫ್ರಾನ್ಸಿನದೇ ಇನ್ನೊಂದು ಕಂಪನಿ 'ಇದು ನಮ್ಮ ಡಿಸೈನು' ಅಂತ ಅವರ ಮೇಲೆ ಕೇಸು ಹಾಕಿತು. ಆಗ ಮರಾಂ, ಡಿಸೈನು ಆ ಊರಿನದು ಅಂತ ಕೋರ್ಟಿನಲ್ಲಿ ಹೇಳಿದರು. 2015ರ ತೀರ್ಪು ಅವರ ಪರ ಬಂತು. ಹೊಲಿದವರ ಊರು ಆ ಕೇಸಿನಲ್ಲಿ ಕಕ್ಷಿದಾರನೇ ಅಲ್ಲ.

ನಮ್ಮ ಅಥಣಿ ಕಡೆಯ ಚಪ್ಪಲಿ ನೆನಪಾಯಿತಾ? ಅದನ್ನು ಮಾಡುವವರು ಬುಡಕಟ್ಟಿನವರಲ್ಲ, ಆದರೆ ಕಾನೂನಿನ ಗಂಟು ಇದೇ. ಕೊಲ್ಹಾಪುರಿ ಚಪ್ಪಲಿಯ ಜಿಐ (ಒಂದು ಪ್ರದೇಶದ ವಸ್ತುವಿಗೆ ಕಾನೂನು ಕೊಡುವ ಭೌಗೋಳಿಕ ಗುರುತು) ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದ್ದು. 2025ರ ಜೂನ್‌ನಲ್ಲಿ ಮಿಲಾನ್‌ನ ಶೋನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಾಡೆಲ್‌ಗಳಿಗೆ ಅಂಥದೇ ಚಪ್ಪಲಿ ತೊಡಿಸಿ ನಡೆಸಿತು. ಜಿಐ ಮುಖ್ಯವಾಗಿ ಕಾಯುವುದು 'ಕೊಲ್ಹಾಪುರಿ' ಅನ್ನುವ ಹೆಸರನ್ನು. ಪ್ರಾಡಾ ಮೊದಲಿಗೆ ಕರೆದದ್ದು ಸುಮ್ನೆ 'ಲೆದರ್ ಸ್ಯಾಂಡಲ್' ಅಂತ.