ದ್ರಾಕ್ಷಾರಸ ಕಾಣದ ಅಮೃತಶಿಲೆಯ ಬಾನಿಗಳು

ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿರುವ ಒಂದು ದೊಡ್ಡ ಅಮೃತಶಿಲೆಯ ಬಾನಿಯ ಮೈಮೇಲೆ, ಅದನ್ನು ಕೆತ್ತಿದವನು ಕನಸಿನಲ್ಲೂ ಎಣಿಸಿರದ ಗುರುತುಗಳಿವೆ. ಅವು ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳು. ಅಥೆನ್ಸಿನ ಸಾಲ್ಪಿಯೋನ್ ಎಂಬ ಶಿಲ್ಪಿ ತನ್ನ ಹೆಸರನ್ನೂ ಕೊರೆದಿರುವ ಈ ಬಾನಿಯ ಸುತ್ತ, ಹರ್ಮಿಸ್ ದೇವತೆ ಎಳೆಗೂಸು ಡಯೋನೈಸಸ್‌ನನ್ನು ವನದೇವತೆಯೊಬ್ಬಳ ಕೈಗೆ ಒಪ್ಪಿಸುವ ದೃಶ್ಯವಿದೆ. ರೋಮನ್ ಯುಗ ಮುಗಿದ ಮೇಲೆ ಇಟಲಿಯ ಗಯೇಟಾ ಕರಾವಳಿಯ ದೋಣಿಕಾರರು ಇದಕ್ಕೆ ದೋಣಿ ಕಟ್ಟಿದರು. ಆಮೇಲೆ ಅದೇ ಊರಿನ ಪ್ರಧಾನ ಚರ್ಚಿನಲ್ಲಿ ಇದು ಜ್ಞಾನಸ್ನಾನದ ತೊಟ್ಟಿಯಾಯಿತು. ಮದ್ಯದ ದೇವರ ಕಥೆ ಹೇಳುವ ಪಾತ್ರೆಯಲ್ಲಿ ಕ್ರೈಸ್ತ ಶಿಶುಗಳಿಗೆ ದೀಕ್ಷೆ ಸಿಕ್ಕಿತು. ಯಾರಿಗೂ ಅದು ವಿಚಿತ್ರವೆನಿಸಿದಂತಿಲ್ಲ.

ಇಂಥ ಬಾನಿಗೆ ಗ್ರೀಕರು ಇಟ್ಟ ಹೆಸರು ಕ್ರಾಟರ್, ಅಂದರೆ ಬೆರೆಸುವ ಪಾತ್ರೆ. ದ್ರಾಕ್ಷಾರಸಕ್ಕೆ ನೀರು ಬೆರೆಸದೆ ಕುಡಿಯುವುದು ಅವರ ಕಣ್ಣಿಗೆ ಅನಾಗರಿಕತನವಾಗಿದ್ದುದರಿಂದ ಪಾನಗೋಷ್ಠಿಯ ನಡುವೆ ಕ್ರಾಟರ್ ಇರಲೇಬೇಕಿತ್ತು. ಆದರೆ ಬಳಕೆಯ ಕ್ರಾಟರ್‌ಗಳು ಮಣ್ಣಿನವು, ಸಿರಿವಂತರ ಮನೆಯಲ್ಲಾದರೆ ಕಂಚು ಬೆಳ್ಳಿಯವು. ಅಥೆನ್ಸಿನಲ್ಲಿ ಪಾತ್ರೆಯ ರೂಪ ಕಲ್ಲಿಗೆ ಇಳಿದದ್ದು ಮುಖ್ಯವಾಗಿ ಸ್ಮಶಾನದಲ್ಲಿ. ಮದುವೆಯ ಸ್ನಾನಕ್ಕೆ ನೀರು ತರುವ ಉದ್ದ ಕೊರಳಿನ ಹೂಜಿ ಲೂಟ್ರೋಫೊರಸ್. ಮದುವೆಯಾಗದೆ ಸತ್ತವರ ಗೋರಿಯ ಮೇಲೆ ಅದನ್ನೇ ಅಮೃತಶಿಲೆಯಲ್ಲಿ ಕಡೆದು ನಿಲ್ಲಿಸುತ್ತಿದ್ದರು. ಸಮಾಧಿಗೆ ಎಣ್ಣೆ ಅರ್ಪಿಸುವ ಲೆಕಿಥಸ್ ಕೂಡ ಹೀಗೆಯೇ ಆಳೆತ್ತರದ ಕಲ್ಲಾಯಿತು. ಇವುಗಳಲ್ಲಿ ಹಲವಕ್ಕೆ ಒಳಗೆ ಟೊಳ್ಳೇ ಇಲ್ಲ, ಇಡಿಯಾಗಿ ಗಟ್ಟಿ ಕಲ್ಲು. ಕ್ರಿ.ಪೂ. 317ರ ನಂತರ ಅಥೆನ್ಸನ್ನು ಆಳಿದ ಫಲೇರಾನ್‌ನ ಡೆಮೆಟ್ರಿಯಸ್ ಆಡಂಬರದ ಗೋರಿಗಳನ್ನು ನಿಷೇಧಿಸಿದಾಗ ಈ ಕಸುಬಿಗೆ ದೊಡ್ಡ ಪೆಟ್ಟು ಬಿದ್ದಿತು.

ಅಲಂಕಾರದ ಬಾನಿಗಳಿಗೆ ಬೇಡಿಕೆ ಹುಟ್ಟಿದ್ದು ರೋಮ್‌ನಿಂದ. ಗ್ರೀಸ್ ರೋಮನ್ನರ ಕೈಸೇರಿದ ಮೇಲೆ ರೋಮ್‌ನ ಶ್ರೀಮಂತರಿಗೆ ಹಳ್ಳಿಮನೆ, ಉದ್ಯಾನಗಳನ್ನು ಗ್ರೀಕ್ ಸೊಬಗಿನಿಂದ ತುಂಬುವ ಗೀಳು ಹತ್ತಿತು. ಕ್ರಿ.ಪೂ. 67ರ ಸುಮಾರಿಗೆ ವಾಗ್ಮಿ ಸಿಸೆರೊ, ಅಥೆನ್ಸಿನಲ್ಲಿದ್ದ ಗೆಳೆಯ ಅಟಿಕಸ್‌ಗೆ ಪತ್ರ ಬರೆದು, ಟಸ್ಕ್ಯುಲಮ್‌ನ ತನ್ನ ಮನೆಗೆ ಶಿಲ್ಪಗಳನ್ನು ಕಳಿಸೆಂದು ಮತ್ತೆ ಮತ್ತೆ ಕೇಳುತ್ತಾನೆ. ಆ ಪಟ್ಟಿಯಲ್ಲಿ ಉಬ್ಬುಚಿತ್ರಗಳಿರುವ ಎರಡು ಬಾವಿಕಟ್ಟೆಗಳೂ ಇವೆ. ಇಂಥ ಗಿರಾಕಿಗಳಿಗಾಗಿ ಅಥೆನ್ಸಿನ ಕಾರ್ಯಾಗಾರಗಳು ಹಳೆಯ ಗ್ರೀಕ್ ಆಕೃತಿಗಳನ್ನು ಆಯ್ದು, ಜೋಡಿಸಿ, ಒಂದೇ ಮಾದರಿಯನ್ನು ಹಲವು ಬಾರಿ ಕೆತ್ತಿದವು. ಇದಕ್ಕೆ ಸಮುದ್ರವೇ ಸಾಕ್ಷಿ ಒದಗಿಸಿತು: 1907ರಲ್ಲಿ ಟ್ಯುನೀಷಿಯಾದ ಮಹ್ದಿಯಾ ಬಳಿ ಸ್ಪಂಜು ಹೆಕ್ಕುವ ಮುಳುಗುಗಾರರಿಗೆ ಸಿಕ್ಕ ಹಡಗಿನಲ್ಲಿ ಕಲ್ಲುಕಂಬಗಳ ಜೊತೆಗೆ ಅಮೃತಶಿಲೆಯ ಕ್ರಾಟರ್‌ಗಳೂ ಇದ್ದವು. ಕ್ರಿ.ಪೂ. ಮೊದಲ ಶತಮಾನದ ಆರಂಭದ ದಶಕಗಳಲ್ಲಿ ಮುಳುಗಿದ ಈ ಸರಕು ಇಂದು ಟ್ಯೂನಿಸ್‌ನ ಬಾರ್ಡೊ ವಸ್ತುಸಂಗ್ರಹಾಲಯದಲ್ಲಿದೆ.

ಅದೇ ಮಾದರಿಯ ಪ್ರಸಿದ್ಧ ಬಾನಿ ಪ್ಯಾರಿಸಿನ ಲೂವ್ರ್‌ನಲ್ಲಿರುವ ಬೋರ್ಗೇಸೆ. ರೋಮ್‌ನ ಸಲ್ಲಸ್ಟ್ ಉದ್ಯಾನದ ನೆಲದಲ್ಲಿ 16ನೇ ಶತಮಾನದಲ್ಲಿ ದೊರೆತ ಇದರ ಎತ್ತರ ಸುಮಾರು 1.7 ಮೀಟರ್. ಡಯೋನೈಸಸ್‌ನ ಮೆರವಣಿಗೆಯಲ್ಲಿ ಕುಡಿದು ತೂರಾಡುವ ಮುದುಕ ಸಿಲೆನಸ್ ಜಾರಿಬಿದ್ದ ಬಟ್ಟಲಿಗೆ ಕೈಚಾಚಿ ಬಾಗಿದ್ದಾನೆ. ಅವನು ಮುಗ್ಗರಿಸದಂತೆ ಪಕ್ಕದ ಸ್ಯಾಟಿರ್ (ಡಯೋನೈಸಸ್‌ನ ಬಳಗದ ಅರೆಪಶು ಅರೆಮಾನವ) ನಡುವಿಗೆ ಕೈಹಾಕಿ ಹಿಡಿದಿದ್ದಾನೆ. ನನಗೆ ಇಡೀ ಬಾನಿಗಿಂತ ಈ ಒಂದು ಹಿಡಿತವೇ ಹೆಚ್ಚು ಹಿಡಿಸುತ್ತದೆ. ಬೋರ್ಗೇಸೆ ಮನೆತನದ ಈ ಆಸ್ತಿಯನ್ನು 1807ರಲ್ಲಿ ನೆಪೋಲಿಯನ್ ತನ್ನ ಭಾವಮೈದುನನಿಂದ ಖರೀದಿಸಿದನು.

ನಾವಿಂದು ನೋಡುವ ಬಾನಿಗಳೆಲ್ಲ ಪೂರ್ತಿ ಪ್ರಾಚೀನ ಎಂದುಕೊಂಡರೆ ಮೋಸಹೋಗುತ್ತೇವೆ. 1771ರಲ್ಲಿ ಟಿವೊಲಿಯ, ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ಅರಮನೆಯ ಬಳಿಯ ಜೌಗಿನಲ್ಲಿ ಸ್ಕಾಟ್ಲೆಂಡಿನ ಚಿತ್ರಕಾರ ಗ್ಯಾವಿನ್ ಹ್ಯಾಮಿಲ್ಟನ್‌ಗೆ ಸಿಕ್ಕ ವಾರ್ವಿಕ್ ಬಾನಿ ಬರೀ ಚೂರುಗಳಾಗಿತ್ತು. ಅವನ್ನು ಕೊಂಡ ನೇಪಲ್ಸ್‌ನ ಬ್ರಿಟಿಷ್ ರಾಯಭಾರಿ ಸರ್ ವಿಲಿಯಂ ಹ್ಯಾಮಿಲ್ಟನ್, ಕರಾರಾದಿಂದ ಹೊಸ ಬಂಡೆ ಕಡಿಸಿ, ತೋಡಿಸಿ, ಅದರ ಮೇಲೆ ಹಳೆಯ ಚೂರುಗಳನ್ನು ಕೂರಿಸಿದನು. ಹಾಗಾಗಿ ಅದರ ಒಡಲಿನ ದೊಡ್ಡ ಪಾಲು 18ನೇ ಶತಮಾನದ ಕಲ್ಲು. ಕೆತ್ತನೆ ಚಿತ್ರಕಾರ ಪಿರನೇಸಿ ಇದರ ಚಿತ್ರಗಳನ್ನು ಅಚ್ಚು ಹಾಕಿದ ಮೇಲೆ ಯುರೋಪಿನ ಬೆಳ್ಳಿ ಕೆಲಸಗಾರರೂ ಕುಂಬಾರರೂ ನಕಲಿಗೆ ಮುಗಿಬಿದ್ದರು. ಮೂಲ ಬಾನಿ ಸರ್ ವಿಲಿಯಂನ ಸೋದರಳಿಯನಾದ ವಾರ್ವಿಕ್ ಅರ್ಲ್‌ನ ಕೋಟೆ ಸೇರಿ, 1979ರಲ್ಲಿ ಗ್ಲಾಸ್ಗೋದ ಬರೆಲ್ ಸಂಗ್ರಹಕ್ಕೆ ಬಂದಿತು. ಅದರ ನಕಲನ್ನು ಮಾತ್ರ ಟೆನಿಸ್ ನೋಡುವವರೆಲ್ಲ ಕಂಡೇ ಇರುತ್ತಾರೆ: ಆಸ್ಟ್ರೇಲಿಯನ್ ಓಪನ್‌ನಲ್ಲಿ ಪುರುಷರ ಸಿಂಗಲ್ಸ್ ಗೆದ್ದವನು ಎರಡು ಹಿಡಿಗಳನ್ನೂ ಹಿಡಿದು ಮೇಲೆತ್ತುವ ನಾರ್ಮನ್ ಬ್ರೂಕ್ಸ್ ಕಪ್ ಇದೇ ಬಾನಿಯ ಮಾದರಿಯಲ್ಲಿ ಮಾಡಿದ್ದು.