ಬೆರಳು ಜೋಡಿಸಿ ಕುಳಿತರೆ ಬಿಪಿ ಇಳಿಯುತ್ತದೆಯೇ?

ಪ್ರಶ್ನೆ: ನಮ್ಮ ಮಡಿಕೇರಿಯಲ್ಲಿ ಜೂನ್ ಹಿಡಿದ ಮಳೆ ಆಗಸ್ಟ್ ಮುಗಿಯುವವರೆಗೂ ಬೆಳಗಿನ ನಡಿಗೆಗೆ ಬಿಡುವುದಿಲ್ಲ. ಹಾಗಾಗಿ ಮನೆಯಲ್ಲೇ ಕುಳಿತು ಚಿನ್ಮುದ್ರೆ, ಪ್ರಾಣ ಮುದ್ರೆ ಮಾಡುತ್ತಿದ್ದೇನೆ. ಇವುಗಳಿಂದ ಬಿಪಿ ಇಳಿಯುತ್ತದೆ, ಮಾತ್ರೆಯನ್ನೂ ಬಿಡಬಹುದು ಎಂದು ಪರಿಚಿತರು ಹೇಳುತ್ತಾರೆ. ನಿಜವೇ?

ಉತ್ತರ: ಮಾತ್ರೆಯನ್ನು ಬಿಡಬೇಡಿ, ಮುದ್ರೆಯನ್ನೂ ಬಿಡಬೇಕಾಗಿಲ್ಲ.

ಹೆಬ್ಬೆರಳು ಅಗ್ನಿ, ತೋರುಬೆರಳು ವಾಯು, ನಡುಬೆರಳು ಆಕಾಶ, ಉಂಗುರ ಬೆರಳು ಪೃಥ್ವಿ, ಕಿರುಬೆರಳು ಜಲ ಎಂಬ ವಿವರಣೆಯನ್ನು ತಾವು ಕೇಳಿರಬಹುದು. ಉಂಗುರ ಬೆರಳು ಮತ್ತು ಕಿರುಬೆರಳುಗಳ ತುದಿಯನ್ನು ಹೆಬ್ಬೆರಳಿಗೆ ತಾಗಿಸುವ ಪ್ರಾಣ ಮುದ್ರೆಯ ಫಲವನ್ನು ಹೇಳುವುದು ಈ ಲೆಕ್ಕದ ಮೇಲೆಯೇ. ಇದು ದೇಹವನ್ನು ಕಾಣುವ ಒಂದು ಬಗೆ ಹೌದು. ಆದರೆ ಇಂಥ ಬೆರಳನ್ನು ಮುಟ್ಟಿದರೆ ಇಂಥ ರೋಗ ವಾಸಿಯಾಗುತ್ತದೆ ಎನ್ನಲು ಅದು ಆಧಾರವಾಗುವುದಿಲ್ಲ. ಹಠಯೋಗದ ಹಳೆಯ ಗ್ರಂಥವಾದ ಹಠಯೋಗ ಪ್ರದೀಪಿಕೆಯ ಮೂರನೆಯ ಅಧ್ಯಾಯ ಹೇಳುವ 10 ಮುದ್ರೆಗಳಲ್ಲಿ ಬರಿಯ ಬೆರಳಿನದು ಒಂದೂ ಇಲ್ಲ. ಮಹಾಮುದ್ರೆ, ವಿಪರೀತಕರಣಿ, ಮೂಲಬಂಧ ಎಲ್ಲವೂ ದೇಹವನ್ನೂ ಉಸಿರನ್ನೂ ದುಡಿಸುವಂಥವು, ಅವುಗಳಲ್ಲಿ ಕೆಲವು ಬಿಪಿ ಇರುವವರು ಗುರುವಿಲ್ಲದೆ ಮಾಡಲೇಬಾರದಂಥವು.

ಹಾಗಾದರೆ ಕೈಮುದ್ರೆಯಿಂದ ಸಿಗುವ ಪ್ರಯೋಜನವೇನು? ಅದನ್ನು ತಮ್ಮ ಕೈಯಲ್ಲೇ ನೋಡಿಕೊಳ್ಳಬಹುದು. ನೆಲ ತಣ್ಣಗಿದ್ದರೆ ಕುರ್ಚಿಯ ಮೇಲೆಯೇ ಬೆನ್ನು ನೇರ ಮಾಡಿ ಕುಳಿತು, ಕೈಗಳನ್ನು ತೊಡೆಯ ಮೇಲಿಟ್ಟು, ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳನ್ನು ಒಂದು ಕರಿಮೆಣಸಿನ ಕಾಳು ಬೀಳದಂತೆ ಹಿಡಿದಷ್ಟೇ ಹಗುರವಾಗಿ ತಾಗಿಸಿ; ಇದೇ ಚಿನ್ಮುದ್ರೆ. ಕಾಫಿ ಹಣ್ಣು ಬಿಡಿಸುವುದೂ ಈ ಎರಡು ಬೆರಳುಗಳಿಂದಲೇ; ಕುಯ್ಲಿನ ದಿನಗಳಲ್ಲಿ ಅವು ಬಿಗಿದುಕೊಂಡಿದ್ದರೆ ಮೊದಲು ಬಿಸಿನೀರಿನಲ್ಲಿ ಅದ್ದಿ ಸಡಿಲಿಸಿಕೊಳ್ಳಿ. ಮನಸ್ಸು ಬೇರೆಡೆಗೆ ಹೋದಾಗ ಅಥವಾ ಜೋಂಪು ಹತ್ತಿದಾಗ ಬೆರಳ ತುದಿಗಳು ತಾವಾಗಿಯೇ ಬಿಟ್ಟುಕೊಳ್ಳುತ್ತವೆ, ಅದು ಅರಿವಿಗೆ ಬಂದ ಕ್ಷಣವೇ ಗಮನ ಮರಳಿ ಉಸಿರಿಗೆ ಬರುತ್ತದೆ. ಮೆದುಳಿನಲ್ಲಿ ಸ್ಪರ್ಶವನ್ನು ಗ್ರಹಿಸುವ ಭಾಗದಲ್ಲಿ ಇಡೀ ಬೆನ್ನಿಗಿಂತ ಬೆರಳುಗಳಿಗೇ ಹೆಚ್ಚು ಜಾಗವಿರುವುದರಿಂದ ಇಷ್ಟು ಸಣ್ಣ ಸ್ಪರ್ಶವೂ ಗಮನಕ್ಕೆ ಗೂಟವಾಗಬಲ್ಲದು. ನನ್ನ ಮಟ್ಟಿಗೆ ಚಿನ್ಮುದ್ರೆಯ ಮುಖ್ಯ ಲಾಭ ಇದೇ.

ಉಸಿರಾಟವನ್ನು ಭಾಗ ಭಾಗವಾಗಿ ಅಭ್ಯಾಸ ಮಾಡುವ ವಿಭಾಗೀಯ ಪ್ರಾಣಾಯಾಮದಲ್ಲಿ ಚಿನ್ಮುದ್ರೆಯೊಂದಿಗೆ ಹೊಟ್ಟೆಯ ಉಸಿರಾಟವನ್ನೂ, ಉಳಿದ ಮೂರು ಬೆರಳುಗಳನ್ನು ಅಂಗೈಗೆ ಮಡಚುವ ಚಿನ್ಮಯ ಮುದ್ರೆಯೊಂದಿಗೆ ಎದೆಯ ಉಸಿರಾಟವನ್ನೂ, ಹೆಬ್ಬೆರಳನ್ನು ಮುಷ್ಟಿಯೊಳಗಿಡುವ ಆದಿ ಮುದ್ರೆಯೊಂದಿಗೆ ಎದೆಯ ಮೇಲ್ಭಾಗದ ಉಸಿರಾಟವನ್ನೂ ಕಲಿಸುತ್ತಾರೆ. ಒಂದೊಂದೇ ಹೊಳ್ಳೆಯಿಂದ ಸರದಿಯಂತೆ ಉಸಿರಾಡುವ ನಾಡಿಶೋಧನದಲ್ಲಂತೂ ಮುದ್ರೆಯ ಕೆಲಸ ನೇರವಾದದ್ದು: ತೋರುಬೆರಳು, ನಡುಬೆರಳು ಮಡಚಿಕೊಂಡು ಹೆಬ್ಬೆರಳಿನಿಂದ ಬಲ ಹೊಳ್ಳೆಯನ್ನೂ ಉಂಗುರ ಬೆರಳಿನಿಂದ ಎಡ ಹೊಳ್ಳೆಯನ್ನೂ ಮುಚ್ಚುವುದು. ಶೀತವಾಗಿ ಮೂಗು ಕಟ್ಟಿದ್ದರೆ ಆ ದಿನ ಅದನ್ನು ಬಿಟ್ಟುಬಿಡಿ.

ಬಿಪಿಯ ಮೇಲೆ ಪರಿಣಾಮ ಬೀರುವುದು ನಿಧಾನವಾದ ಉಸಿರು. ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುವವರು ಅದನ್ನು ಆರೇಳಕ್ಕೆ ಇಳಿಸಿ ದಿನವೂ 10–15 ನಿಮಿಷ ಅಭ್ಯಾಸ ಮಾಡಿದರೆ ರಕ್ತದೊತ್ತಡ ತುಸು ಇಳಿಯುವುದುಂಟು. ಉಸಿರನ್ನು ಬಿಗಿಹಿಡಿಯುವ ಕುಂಭಕ ಮಾತ್ರ ತಮಗೆ ಬೇಡ.

ಇನ್ನೊಂದು ಮಾತು ಕೊಡಗಿನವರಿಗೆ ಹೇಳಲೇಬೇಕು. ಬಿಸಿ ಕಾಫಿ ಕುಡಿದ ಕೂಡಲೇ ಒಮ್ಮೆ, ಮುದ್ರೆ ಮುಗಿಸಿ ಮತ್ತೊಮ್ಮೆ ಬಿಪಿ ನೋಡಿಕೊಂಡು, ಇಳಿದದ್ದನ್ನೆಲ್ಲ ಬೆರಳಿನ ಲೆಕ್ಕಕ್ಕೆ ಬರೆಯುವವರಿದ್ದಾರೆ. ಕಾಫಿ ಕುಡಿದು ಕನಿಷ್ಠ ಅರ್ಧ ಗಂಟೆ ಕಳೆದಿರಬೇಕು, ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಆಮೇಲೆ ನೋಡಬೇಕು. ಸುಮ್ಮನೆ ಕುಳಿತದ್ದರಿಂದಲೇ ಅಂಕಿ ಇಳಿಯುವುದೂ ಉಂಟು. ಪ್ರತಿದಿನ ಒಂದೇ ಹೊತ್ತಿಗೆ ಹೀಗೆ ನೋಡಿ ಬರೆದಿಟ್ಟ ಅಂಕಿಗಳನ್ನು ಮಳೆಗಾಲ ಮುಗಿದ ಮೇಲೆ ವೈದ್ಯರಿಗೆ ತೋರಿಸಿ. ಮಾತ್ರೆ ಕಡಿಮೆ ಮಾಡಬಹುದೇ ಎಂಬುದನ್ನು ಅವರು ಅದನ್ನು ನೋಡಿ ಹೇಳುತ್ತಾರೆ.